ಮೊಳಗುವ ಬಂಡೆ, ಪುಡಿಯಾದ ಗವಿ
ಸಂಗನಕಲ್ಲಿನ ನೆರೆಯಲ್ಲಿ ಕಳೆದುಕೊಂಡದ್ದೇನು?

ಬಳ್ಳಾರಿಯಲ್ಲಿ ಎರಡಂತಸ್ತಿನ ಮಳಿಗೆ ಕಟ್ಟಿಸಿದ ಯಾರನ್ನಾದರೂ ಕೇಳಿ, ಸಿಮೆಂಟು ಯಾವ ಕಂಪನಿಯದು, ಕಬ್ಬಿಣ ಎಷ್ಟು ಟನ್ನು ಹಿಡೀತು ಅಂತ ಥಟ್ಟನೆ ಹೇಳ್ತಾರೆ. ಪಾಯಕ್ಕೆ ಸುರಿದ ಜಲ್ಲಿ ಯಾವ ಗುಡ್ಡದ್ದು ಸ್ವಾಮಿ ಅಂದರೆ ಮುಖ ಮುಖ ನೋಡ್ತಾರೆ. ಕೇಳಬೇಕಾದ ಪ್ರಶ್ನೆ ಅದೇ.

ಊರಿನ ಈಶಾನ್ಯಕ್ಕೆ ಕೆಲವೇ ಮೈಲಿ ದೂರದಲ್ಲಿ ಸಂಗನಕಲ್ಲು ಮತ್ತು ಕಪ್ಪಗಲ್ಲಿನ ಗುಡ್ಡಗಳಿವೆ. ಕಪ್ಪಗಲ್ಲು ರಸ್ತೆಯ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಅವು ಬರೀ ಬೋಳು ಬಂಡೆ. ಭೂಗರ್ಭ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಎಂಬ ದೊರೆಗೆ ಹಾಗೆ ಕಾಣಲಿಲ್ಲ. 1863ರಲ್ಲಿ ಮದ್ರಾಸಿನ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಆಯುಧ ಹೆಕ್ಕಿದ ಮನುಷ್ಯ ಈತನೇ. ಇಲ್ಲಿಗೆ ಬಂದಾಗ ಕಲ್ಲುಕೊಡಲಿಗಳ ಒಂದು ಕಾರ್ಖಾನೆಯನ್ನೇ ಕಂಡ. ಗುಡ್ಡದ ಮೇಲೆ ಹಾದುಹೋಗಿರುವ ಕರಿಕಲ್ಲಿನ ಪಟ್ಟಿಯಿಂದ ಚೂರು ಎಬ್ಬಿಸಿ, ಕೆತ್ತಿ, ಉಜ್ಜಿ, ನುಣುಪು ಮಾಡಿದ ಕೊಡಲಿಗಳು ಅವು. ನಾಲ್ಕು ಸಾವಿರ ವರ್ಷದ ಹಿಂದಿನ ಬಳ್ಳಾರಿಯ ಉದ್ಯಮ ಅಂದರೆ ಅದು! ಆ ಜನ ದನ ಸಾಕುತ್ತಿದ್ದರು, ಹುರುಳಿ, ಹೆಸರು ಬೆಳೆಯುತ್ತಿದ್ದರು. ಅಗೆದು ತೆಗೆದ ಮಣ್ಣಿನಲ್ಲಿ ಸುಟ್ಟು ಕರಿಯಾದ ಕಾಳು ಸಿಕ್ಕಿವೆ. ನಮ್ಮ ಮನೆಯ ಹುರುಳಿ ಸಾರಿಗೆ ಎಷ್ಟು ದೊಡ್ಡ ವಂಶಾವಳಿ ನೋಡಿ.

ಅದೇ ಕರಿಕಲ್ಲಿನ ಮೇಲೆ ನೂರಾರು ಚಿತ್ರಗಳಿವೆ. ಬಹುಪಾಲು ಉದ್ದ ಕೊಂಬಿನ, ಡುಬ್ಬದ ಎತ್ತುಗಳು. ಕೆಲವು ಎಂಥ ಜಾಗದಲ್ಲಿವೆ ಎಂದರೆ, ಕೊರೆದವನು ಮೇಲಿನಿಂದ ಜೋತುಬಿದ್ದೇ ಕೆಲಸ ಮಾಡಿರಬೇಕು. ಇನ್ನೂ ಸೋಜಿಗದ್ದು ಬೇರೆ ಇದೆ. ಕೆಲವು ಬಂಡೆಗಳಲ್ಲಿ ಸಣ್ಣ ತಗ್ಗುಗಳಿವೆ, ಅಲ್ಲಿ ಕಲ್ಲಿನಿಂದ ಬಡಿದರೆ ಜಾಗಟೆಯಂತೆ ಮೊಳಗುತ್ತವೆ. ಬಡಿದೂ ಬಡಿದೂ ಆದ ತಗ್ಗುಗಳವು. ಹಬ್ಬವೋ, ಪೂಜೆಯೋ, ಮಳೆಗೆ ಮೊರೆಯೋ, ಅಂತೂ ಈ ಗುಡ್ಡದ ಮೇಲೆ ಜನ ಸೇರಿ ಬಾರಿಸಿದ್ದಾರೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರ ಜತೆ ಇಲ್ಲಿ ಕೆಲಸ ಮಾಡಿದ ನಿಕೋಲ್ ಬೊವಾನ್ ಈ ಬಂಡೆಗಳ ಬಗ್ಗೆ 2004ರಲ್ಲಿ ಬರೆದಾಗ ಹೊರದೇಶದ ಪತ್ರಿಕೆಗಳೂ ಸುದ್ದಿ ಮಾಡಿದವು. ಆದರೆ ಆ ಸುದ್ದಿಯ ಬಾಲದಲ್ಲೇ ಒಂದು ಸೂತಕದ ಮಾತಿತ್ತು. ಗುಡ್ಡದ ಉತ್ತರಕ್ಕೆ ಇದಕ್ಕಿಂತಲೂ ಹಳೆಯ ಚಿತ್ರಗಳಿದ್ದ ಒಂದು ಕಲ್ಲಾಸರೆಯನ್ನು ಗ್ರಾನೈಟ್ ಒಡೆಯುವವರು ಅಷ್ಟೊತ್ತಿಗಾಗಲೇ ಭಾಗಶಃ ಒಡೆದು ಹಾಕಿದ್ದರು.

2001ರಲ್ಲಿ ಬಾಮಿಯಾನದ ಬುದ್ಧನನ್ನು ತಾಲಿಬಾನಿಗಳು ಸಿಡಿಸಿದಾಗ ನಾವೆಲ್ಲ ಹಾಳಾಗಿ ಹೋಗಲಿ ಎಂದು ಶಾಪ ಹಾಕಿದೆವು. ಅಲ್ಲಿ ದ್ವೇಷ ಇತ್ತು. ಇಲ್ಲಿ ಯಾರಿಗೂ ಆ ಚಿತ್ರಗಳ ಮೇಲೆ ಸಿಟ್ಟಿರಲಿಲ್ಲ. ಕಲ್ಲಿಗೆ ರೇಟು ಇತ್ತು, ಅಷ್ಟೇ. ಬಿಸಿಲಲ್ಲಿ ಸುತ್ತಿಗೆ ಎತ್ತಿದ ಕೂಲಿಯವನನ್ನು ಬೈದು ಏನೂ ಪ್ರಯೋಜನ ಇಲ್ಲ, ಅವನ ಹೊಟ್ಟೆಪಾಡು ಅದು. ಬಂಡೆಯಲ್ಲಿ ಏನಿದೆ ಎಂದು ಒಡೆಯುವ ಮುಂಚೆ ನೋಡಬೇಕಾದವರು ಅವನಿಗಿಂತ ಮೇಲೆ ಕೂತವರು.

ಇಂಥ ಗತಿ ಬೂದಿದಿಬ್ಬಗಳಿಗೂ ಆಗಿದೆ. ಹೊಸಪೇಟೆ ಬಸ್ಸಿನವರಿಗೆ ಕುಡತಿನಿಯ ಬೂದಿದಿಬ್ಬ ಗೊತ್ತಿರಬಹುದು. ರಾಕ್ಷಸರನ್ನು ಸುಟ್ಟ ಬೂದಿ ಅಂತ ಹಿರಿಯರ ಕತೆ. ಆಲ್ಚಿನ್ ಎಂಬ ವಿದ್ವಾಂಸ 1957ರಲ್ಲಿ ಉಟ್ನೂರಿನಲ್ಲಿ ಅಗೆದು ನೋಡಿ, ಅದು ದನದ ದೊಡ್ಡಿಯ ಸಗಣಿ ಸುಟ್ಟ ಬೂದಿ ಎಂದು ತೋರಿಸಿಕೊಟ್ಟ. ಹೊಲಕ್ಕೆ ಒಳ್ಳೇದು ಅಂತ ಇಂಥ ದಿಬ್ಬಗಳಿಂದ ಬಂಡಿಗಟ್ಟಲೆ ಹೇರಿಕೊಂಡು ಹೋದದ್ದುಂಟು.

ಈಗ ಬಳ್ಳಾರಿಯಲ್ಲೇ ಫೂಟ್ ಹೆಸರಿನ ಮ್ಯೂಸಿಯಂ ಇದೆ. ಕೊಡಲಿಗಳನ್ನು ಅಲ್ಲಿ ಗಾಜಿನ ಹಿಂದೆ ನೋಡಬಹುದು, ಒಂದು ಭಾನುವಾರ ಮಕ್ಕಳನ್ನು ಕರಕೊಂಡು ಹೋಗಿ. ಮೊಳಗುವ ಬಂಡೆಯನ್ನು ಮಾತ್ರ ಅಲ್ಲಿಗೆ ಸಾಗಿಸೋಕಾಗಲ್ಲ, ಅದನ್ನು ಗುಡ್ಡದ ಮೇಲೇ ಕೇಳಬೇಕು. ಉತ್ತರದ ಕಲ್ಲಾಸರೆಯಲ್ಲಿ ಒಡೆದು ಹೋದ ಭಾಗದ ಚಿತ್ರ ಯಾವ ಮನೆಯ ಪಾಯದಲ್ಲಿದೆಯೋ, ಯಾವ ರಸ್ತೆಯ ಟಾರಿನ ಅಡಿಯಲ್ಲಿದೆಯೋ.