ಉಸಿರು ಕಟ್ಟಿದ ಉಕ್ಕು

ಕಳೆದ ವಾರ ರಾಜೀವನಗರದ ಎರಡನೆಯ ಹಂತದಲ್ಲಿರುವ ಹಿರಿಯ ಮಿತ್ರರ ಮನೆಗೆ ಹೋಗಿದ್ದಾಗ, ಹನ್ನೊಂದು ವರ್ಷ ತಮ್ಮ ಮೊಣಕಾಲ ಕೆಳಗಣ ಮೂಳೆಯನ್ನು ಹಿಡಿದು ನಿಲ್ಲಿಸಿದ್ದು ಈಚೆಗೆ ಹೊರಬಂದ ಉಕ್ಕಿನ ಪಟ್ಟಿಯನ್ನೂ ಅದರ ಸ್ಕ್ರೂಗಳನ್ನೂ ಅವರು ಕನ್ನಡಕದ ಡಬ್ಬಿಯಿಂದ ತೆಗೆದು, “ಪ್ಲೇಟು ತೆಗೆಸಿಬಿಟ್ಟೆ, ನೋಡಿ” ಎನ್ನುತ್ತ ನನ್ನ ಅಂಗೈಮೇಲಿಟ್ಟರು. ಪಟ್ಟಿಯ ಮೈ ತೊಳೆದಿಟ್ಟ ಚಮಚದಂತೆ ಹೊಳೆಯುತ್ತಿತ್ತು; ಆದರೆ ಸ್ಕ್ರೂವಿನ ತಲೆ ಕೂರುವ ತೂತಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದಾಗ, ಗಸಗಸೆಗಿಂತಲೂ ಸಣ್ಣ ಕಂದುಗುಳಿಗಳು ಸಾಲುಗಟ್ಟಿದ್ದುವು. ಆ ನೋಟ ಇನ್ನೂ ನನ್ನ ಕಣ್ಣಿನಿಂದ ಸರಿದಿಲ್ಲ.

ಶಸ್ತ್ರವೈದ್ಯರು ಬಳಸುವ 316ಎಲ್ ಎಂಬ ಬಗೆಯ ಉಕ್ಕಿನಲ್ಲಿ ನೂರಕ್ಕೆ ಸುಮಾರು 18 ಪಾಲಿರುವ ಕ್ರೋಮಿಯಂ, ಆಮ್ಲಜನಕದೊಡನೆ ಕೂಡಿ, ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆಯಾಗಿ ಲೋಹವನ್ನು ಕಾಯುತ್ತದೆ; ಗೀರು ಬಿದ್ದರೂ, ಆಮ್ಲಜನಕ ದೊರೆಯುತ್ತಿರುವವರೆಗೆ, ಆ ಪೊರೆ ತಾನಾಗಿಯೇ ಮಾಯುತ್ತದೆ. ಶರೀರದ ಒಳಗಾದರೋ 37 ಡಿಗ್ರಿಯ ಬಿಸುಪು, ಸುತ್ತಲೂ ಉಪ್ಪುನೀರು. ಸ್ಕ್ರೂ ಮತ್ತು ಪಟ್ಟಿಯ ನಡುವಣ ಸಂದಿಗೆ ಹೊಸ ಆಮ್ಲಜನಕ ಸುಳಿಯದೆ, ಕ್ಲೋರೈಡೂ ಆಮ್ಲವೂ ಮಡುಗಟ್ಟಿ, ಒಂದೊಂದು ಹೆಜ್ಜೆಗೂ ಲೋಹ ಲೋಹವನ್ನು ಉಜ್ಜಿ ಪೊರೆಯನ್ನು ಹರಿಯುತ್ತಿರಲು, ಕಬ್ಬಿಣ, ನಿಕ್ಕಲ್, ಕ್ರೋಮಿಯಂಗಳ ಅಯಾನುಗಳು ಸುತ್ತಲಿನ ಮಾಂಸಕ್ಕೆ ಇಳಿಯುತ್ತವೆ. ಕೆಲವರಲ್ಲಿ ಅವು ಉರಿಯೂತಕ್ಕೂ ಅಲರ್ಜಿಗೂ ಕಾರಣವಾಗುತ್ತವೆ.

ಇದನ್ನು ನೆನೆದಾಗಲೆಲ್ಲ ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಗುಡಿಯೆದುರಿನ ಕಬ್ಬಿಣದ ಕಂಬ ನನ್ನ ಕಣ್ಮುಂದೆ ಬಂದು ನಿಲ್ಲುತ್ತದೆ. ಕ್ರೋಮಿಯಮ್ಮಿನ ಹೆಸರನ್ನೂ ಅರಿಯದ ಕಮ್ಮಾರರು ಬಡಿದ ಆ ಕಬ್ಬಿಣ, ಆಷಾಢದ ಜಡಿಮಳೆಯನ್ನೂ ಪಡುವಣ ಕಡಲ ಗಾಳಿಯನ್ನೂ ತಲೆಮಾರುಗಳಿಂದ ತಾಳಿ ನಿಂತಿದೆ. ದೆಹಲಿಯ ಕಬ್ಬಿಣದ ಸ್ತಂಭದಲ್ಲಿಯಾದರೆ ರಂಜಕದ ಹೆಚ್ಚಳವೇ ರಕ್ಷಾಪೊರೆಯ ಮೂಲವೆಂದು ವಿದ್ವಾಂಸರು ವಿವರಿಸಿದ್ದಾರೆ. ಆದರೂ, ಮಳೆ ಬಿಟ್ಟಾಗ ಒಣಗಿ ಗಾಳಿಯುಣ್ಣುವ ಭಾಗ್ಯ ಕಂಬಕ್ಕುಂಟು, ಕಾಲಿನೊಳಗಿನ ಸ್ಕ್ರೂವಿಗಿಲ್ಲ; ಬಲಕ್ಕಿಂತಲೂ ಉಸಿರೇ ಲೋಹದ ಆಯುಸ್ಸೆಂದು ನಾನು ನಂಬಿರುವುದು ಇದರಿಂದಲೇ.

ಶರೀರದೊಳಗಿನ ಲೋಹಕ್ಕೆ ಇನ್ನೊಂದು ಕುತ್ತೂ ಉಂಟು: ಭಿನ್ನ ಲೋಹಗಳ ಪಟ್ಟಿ, ಸ್ಕ್ರೂಗಳನ್ನು ಜೊತೆಗೂಡಿಸಿದರೆ ಅವು ಶರೀರದಲ್ಲಿ ವಿದ್ಯುತ್ಕೋಶದಂತೆ ವರ್ತಿಸುವುದನ್ನು 1937ರಲ್ಲಿ ಅಮೆರಿಕದ ವೆನೆಬಲ್ ಮತ್ತು ಸ್ಟಕ್ ತೋರಿಸಿಕೊಟ್ಟರು. ಅನಂತರ ಕೋಬಾಲ್ಟ್ ಮಿಶ್ರಲೋಹವೂ, ಇನ್ನೂ ಗಟ್ಟಿಯಾದ ಪೊರೆಯುಳ್ಳ ಟೈಟೇನಿಯಮ್ಮೂ ಬಳಕೆಗೆ ಬಂದುವು.

ಎಲ್ಲ ಪಟ್ಟಿಗಳನ್ನೂ ತೆಗೆಯಿಸಬೇಕಾದುದಿಲ್ಲ. ಬಹುಮಂದಿ ಅವುಗಳೊಡನೆ ನಿಶ್ಚಿಂತೆಯಾಗಿ ಬಾಳುತ್ತಾರೆ. ಆದರೆ ಒಳಗಿರುವುದು ಯಾವ ಲೋಹವೆಂಬುದನ್ನು ಧರಿಸಿದವರು ಬಲ್ಲವರಾಗಿರಬೇಕು. ನನ್ನ ಮಿತ್ರರು ಪಟ್ಟಿ ಹಾಕಿಸಿಕೊಂಡ ಕಾಲದ ಡಿಸ್ಚಾರ್ಜ್ ಚೀಟಿಯನ್ನು ಪಡಿತರ ಚೀಟಿಯೊಡನೆ ಜೋಪಾನವಾಗಿಟ್ಟಿದ್ದರು. ಸ್ಕ್ರೂಗೆ ಯಾವ ಹತಾರ ಹೊಂದುವುದೆಂದು ವೈದ್ಯರಿಗೆ ಮೊದಲೇ ತಿಳಿದದ್ದು ಅದರಿಂದಲಂತೆ.