ಫೀಸು ಕಟ್ಟುವ ತಾರೀಖು, ದುಡ್ಡು ಬರುವ ತಾರೀಖು

ಸಿಇಟಿ ಫಲಿತಾಂಶ ಬಂದ ವಾರ ನಮ್ಮ ಮನೆಯ ಜಗುಲಿ ಖಾಲಿ ಇರುವುದಿಲ್ಲ. ಸರ್ಕಾರಿ ಕಾಲೇಜಿನಲ್ಲಿ ಮೂವತ್ತು ವರ್ಷ ಕಾಮರ್ಸ್ ಪಾಠ ಹೇಳಿ ನಿವೃತ್ತನಾದವನಿಗೆ ಸೀಟು, ಸಾಲ, ಸ್ಕಾಲರ್‌ಶಿಪ್ಪು ಎಲ್ಲದರ ಒಳಗುಟ್ಟೂ ಗೊತ್ತಿರುತ್ತದೆ ಎಂಬುದು ಬೀದಿಯವರ ನಂಬಿಕೆ. ಮೊದಲು ತಿದ್ದಬೇಕಾದ ತಪ್ಪು ಕಲ್ಪನೆ ಅದೇ. ಆದರೂ ಇಷ್ಟು ವರ್ಷ ಬಂದವರ ಮಾತು ಕೇಳಿಸಿಕೊಂಡು ಒಂದನ್ನು ಕಂಡುಕೊಂಡಿದ್ದೇನೆ. ಎಷ್ಟೋ ಮನೆಗಳಿಗೆ ಓದಿಗೆ ಸಲ್ಲಬೇಕಾದ ದುಡ್ಡು ಎಲ್ಲೋ ಒಂದು ಕಡೆ ಇರುತ್ತದೆ. ಬೇಕಾದ ದಿನಕ್ಕೆ ಕೈಗೆ ಸಿಗುವುದಿಲ್ಲ. ಜಗುಲಿಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: “ಗೌರ್ಮೆಂಟ್ ಸೀಟು ಸಿಕ್ಕಿತಲ್ಲ, ಇನ್ನೇನು ಖರ್ಚು?”

ಸೀಟಿನ ಖುಷಿಯಲ್ಲಿ ಊಟದ ಲೆಕ್ಕ ಮರೆತುಹೋಗುತ್ತದೆ. ಕಾಲೇಜು ಫೀಸು ವರ್ಷಕ್ಕೊಮ್ಮೆ ಬರುವ ನೆಂಟ. ಮೆಸ್ಸು, ಬಾಡಿಗೆ, ಬಸ್ಸು, ಜೆರಾಕ್ಸು, ಪರೀಕ್ಷೆ ಶುಲ್ಕ ಮನೆಯಲ್ಲೇ ಉಳಿದುಬಿಡುವ ನೆಂಟರು. ನೂರಿಪ್ಪತ್ತು ಕಿಲೋಮೀಟರ್ ದೂರದ ಕಾಲೇಜಿಗೆ ಸೇರಿಸಿ ತಿಂಗಳಿಗೆ ಪಿಜಿಗೆಂದು ಏಳು ಸಾವಿರ ಕೊಟ್ಟರೆ ಹತ್ತು ತಿಂಗಳಿಗೆ 70,000 ರೂಪಾಯಿ. ಆದ್ದರಿಂದ ಆಪ್ಷನ್ ಎಂಟ್ರಿ ತುಂಬುವ ಮೊದಲೇ ಒಂದು ಹಾಳೆಯಲ್ಲಿ ಮೂರು ಅಥವಾ ನಾಲ್ಕು ವರ್ಷದ ಒಟ್ಟು ಖರ್ಚು ಬರೆದುಕೊಳ್ಳಿ ಎನ್ನುತ್ತೇನೆ. ಮನೆಯಿಂದ ಓಡಾಡಬಹುದಾದ ಕಾಲೇಜು ಆಗ ಪಟ್ಟಿಯಲ್ಲಿ ತಾನಾಗಿ ಮೇಲೆ ಬರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡೂ ಇಲ್ಲ.

ಹಾಸ್ಟೆಲಿಗೆ ಅರ್ಜಿ ಬೇರೆ, ಕಾಲೇಜಿಗೆ ಅರ್ಜಿ ಬೇರೆ. ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲು, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲು ತಮ್ಮಷ್ಟಕ್ಕೆ ಕರೆದು ಸೀಟು ಕೊಡುವುದಿಲ್ಲ. ಅರ್ಜಿ ಹಾಕಿಯೂ ಜಾಗ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆಂದು ಹತ್ತು ತಿಂಗಳು ಸಹಾಯವಿದೆ. ಒಂದು ಕಾಲಕ್ಕೆ ನಮ್ಮ ಹಿರಿಯರು ವಾರಾನ್ನದಲ್ಲಿ, ಮಠದ ಪ್ರಸಾದದಲ್ಲಿ ಓದಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳಿಗೆ ಅನ್ನವೂ ಆಸರೆಯೂ ಇದೆ. ಹಾಸ್ಟೆಲಿನಲ್ಲಿ ಓದುವುದಕ್ಕೆ ನಾಚುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ತಪ್ಪು ಕಲ್ಪನೆ: “ಸ್ಕಾಲರ್‌ಶಿಪ್ಪು ತೊಂಬತ್ತೈದು ಪರ್ಸೆಂಟ್ ತೆಗೆದವರಿಗೆ.”

ಅಂಕ ನೋಡಿ ಕೊಡುವ ವಿದ್ಯಾರ್ಥಿವೇತನ ಇದೆ. ಕೇಂದ್ರ ಸರ್ಕಾರದ ಒಂದು ಯೋಜನೆಯಲ್ಲಿ, ದ್ವಿತೀಯ ಪಿಯುಸಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇ. 20ರೊಳಗೆ ಬಂದ, ಕುಟುಂಬದ ಆದಾಯ 4.5 ಲಕ್ಷ ಮೀರದ ಮಕ್ಕಳು ಪದವಿಗೆ ವರ್ಷಕ್ಕೆ 12,000 ರೂಪಾಯಿ ಪಡೆಯಬಹುದು. ಪ್ರತಿ ವರ್ಷ ನವೀಕರಿಸಬೇಕು, ಹಾಜರಾತಿ ಶೇ. 75 ಇರಬೇಕು.

ಆದರೆ ಅಪ್ಪನ ಕಸುಬು ನೋಡಿ ಕೊಡುವಂಥವೂ ಇವೆ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಬಿಎ, ಬಿಎಸ್ಸಿ, ಬಿಕಾಂ ಓದುವ ಹುಡುಗನಿಗೆ 5,000, ಹುಡುಗಿಗೆ 5,500. ಎಂಜಿನಿಯರಿಂಗ್, ವೈದ್ಯಕೀಯಕ್ಕೆ 10,000 ಮತ್ತು 11,000 ಎಂದು ಗೊತ್ತುಮಾಡಿದ್ದರು. ಗಾರೆ ಕೆಲಸದವರು, ಬಾರ್ ಬೆಂಡಿಂಗ್ ಮಾಡುವವರು, ಪೇಂಟರುಗಳು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದರೆ ಮಕ್ಕಳ ಓದಿಗೆ ಅಲ್ಲಿಂದ ಸಹಾಯಧನವಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘದಲ್ಲಿರುವವರ ಮಕ್ಕಳಿಗೆ ‘ಸುಜ್ಞಾನ ನಿಧಿ’ ಇದೆ. ಸಂಘಕ್ಕೆ ವಾರವಾರ ದುಡ್ಡು ಕಟ್ಟುವ ತಾಯಂದಿರಲ್ಲೇ ಎಷ್ಟೋ ಜನ ಇದನ್ನು ವಿಚಾರಿಸಿರುವುದಿಲ್ಲ.

ಇನ್ನು ಓದಿದ ಶಾಲೆ. “ಸರ್ಕಾರಿ ಶಾಲೆಗೆ ಹಾಕಿಬಿಟ್ಟೆವು, ಅದೇ ತಪ್ಪಾಯಿತು” ಎಂದು ಹಳಹಳಿಸುವವರಿಗೆ ಹೇಳುತ್ತೇನೆ: ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾಗೆ ಸೇರಿದ ಹುಡುಗಿಯರಿಗಾಗಿಯೇ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನ ಇಟ್ಟಿದೆ. ಸಿಇಟಿಯಲ್ಲಿ ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು ಇದೆ. ಇವನ್ನು ಅರ್ಜಿಯಲ್ಲೇ ಕೇಳಿರಬೇಕು. ರ‍್ಯಾಂಕ್ ಬಂದ ಮೇಲೆ ನೆನಪಾದರೆ ಅಧಿಕಾರಿಗಳು ಏನೂ ಮಾಡಲಾರರು.

ತಪ್ಪು ಕಲ್ಪನೆ: “ನಮ್ಮ ಜಾತಿಗೆ ಏನೂ ಇಲ್ಲ.”

ಮೇಲೆ ಹೇಳಿದ ರೈತ ವಿದ್ಯಾನಿಧಿ, ಕಾರ್ಮಿಕರ ನೆರವು, ಕೇಂದ್ರದ ಯೋಜನೆ ಇವ್ಯಾವುವೂ ಒಂದೇ ಜಾತಿಗೆ ಮೀಸಲಲ್ಲ. ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಎಂಬ ಸೀಟುಗಳಿವೆ. ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿ ಶೇ. 5, ಬೋಧನಾ ಶುಲ್ಕ ಮನ್ನಾ, ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು. ಪೈಪೋಟಿ ಜೋರಾಗಿರುತ್ತದೆ, ಒಳ್ಳೆಯ ರ‍್ಯಾಂಕ್ ಬೇಕು. ಆದರೆ ಆದಾಯ ಪ್ರಮಾಣಪತ್ರ ಮಾಡಿಸದೆ ಇದ್ದರೆ ಆ ಸಾಲಿನಲ್ಲಿ ನಿಲ್ಲಲೂ ಆಗದು.

ತಪ್ಪು ಕಲ್ಪನೆ: “ಅರ್ಜಿ ಹಾಕಿದ್ದೇವೆ, ಬಂದೇ ಬರುತ್ತದೆ.”

ಹೆಚ್ಚು ಮನೆಗಳು ಎಡವುವುದು ಇಲ್ಲೇ. ಅರ್ಜಿ ಹಾಕುವುದು ಅರ್ಧ ಕೆಲಸ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಹೆಸರು ತಾಳೆಯಾಗಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎಂ. ಆರ್.’ ಎಂಬ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಅಷ್ಟಕ್ಕೇ ಅರ್ಜಿ ನಿಂತಿರುತ್ತದೆ. ದಾಖಲೆಗಳನ್ನು ಕಾಲೇಜಿನವರು ದೃಢೀಕರಿಸಬೇಕು. ಅವರ ಮೇಜಿನ ಮೇಲೆ ಅದು ಮಲಗಿರುವುದು ನಮಗೆ ಗೊತ್ತೇ ಆಗುವುದಿಲ್ಲ.

ದುಡ್ಡು ಮಂಜೂರಾದರೂ ಅದು ಹೋಗುವುದು ನೀವು ಪಾಸ್‌ಬುಕ್ ತೋರಿಸಿದ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ನಮ್ಮ ಬೀದಿಯ ಟೈಲರೊಬ್ಬರ ಮಗಳು ಒಂದೂವರೆ ವರ್ಷ “ದುಡ್ಡು ಬಂದಿಲ್ಲ ಸರ್” ಎನ್ನುತ್ತಲೇ ಇದ್ದಳು. ಸಿಮ್ ತೆಗೆದುಕೊಳ್ಳುವಾಗ ಅಂಗಡಿಯವನು ಬೆರಳೊತ್ತಿಸಿಕೊಂಡು ತೆರೆದಿದ್ದ ಖಾತೆಯೊಂದರಲ್ಲಿ ಎರಡು ಕಂತೂ ಭದ್ರವಾಗಿ ಕುಳಿತಿದ್ದವು. ಆ ಖಾತೆ ಇರುವುದೇ ಅವಳಿಗೆ ತಿಳಿದಿರಲಿಲ್ಲ.

ರೈತರ ಮಕ್ಕಳದ್ದು ಇನ್ನೊಂದು ಗಂಟು. ವಿದ್ಯಾನಿಧಿಗೆ ಅಪ್ಪನ ಫ್ರೂಟ್ಸ್ ಐಡಿ, ಅಂದರೆ ರೈತನೆಂಬ ನೋಂದಣಿ ಸಂಖ್ಯೆ ಬೇಕು, ಅದಕ್ಕೆ ಪಹಣಿ ಬೇಕು. ಪಹಣಿ ನೋಡಿದರೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ. ಅಣ್ಣತಮ್ಮಂದಿರ ಮುನಿಸಿನಲ್ಲಿ ಪೌತಿ ಖಾತೆ ಆಗಿರುವುದಿಲ್ಲ. ಉಳುವುದು ನಿಜ, ಬೆಳೆಯುವುದು ನಿಜ, ಕಾಗದದ ಮೇಲೆ ಮಾತ್ರ ರೈತನಲ್ಲ.

ಇದೆಲ್ಲ ಸರಿಯಿದ್ದರೂ ಕಾಲೇಜಿನ ಫೀಸು ಸೇರುವಾಗಲೇ ಕಟ್ಟಬೇಕು. ವಿದ್ಯಾರ್ಥಿವೇತನ ಬರುವುದು ತಿಂಗಳುಗಟ್ಟಲೆ ತಡವಾಗಿ. ನಡುವಿನ ತಿಂಗಳುಗಳನ್ನು ದಾಟಿಸುವ ದುಡ್ಡನ್ನು ಬೇರೆಯಾಗಿ ಹೊಂದಿಸಬೇಕು. ಮಗು ಪಿಯುಸಿಗೆ ಸೇರಿದಾಗಲೇ ಎರಡು ವರ್ಷದ ಚಿಕ್ಕದೊಂದು ಆರ್‌ಡಿ ಶುರುಮಾಡಿದ ಮನೆಗಳು ನನ್ನ ಕಣ್ಣೆದುರು ಸಲೀಸಾಗಿ ದಾಟಿವೆ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಕ್ಕೂ ಅದೇ ಹೊತ್ತು ಸರಿ. ಆದಾಯದ್ದು ಐದು ವರ್ಷ ನಡೆಯುತ್ತದೆ, ಜೂನ್ ತಿಂಗಳ ನೂಕುನುಗ್ಗಲಿಗೆ ಸಿಕ್ಕಿಕೊಳ್ಳಬೇಕಿಲ್ಲ.

ತಪ್ಪು ಕಲ್ಪನೆ: “ಬ್ಯಾಂಕಿನವರು ಜಮೀನು ಬರೆಸಿಕೊಳ್ಳುತ್ತಾರೆ. ಅದಕ್ಕಿಂತ ಗೊತ್ತಿದ್ದವರ ಹತ್ತಿರ ಮೂರು ಪರ್ಸೆಂಟಿಗೆ ತರುವುದು ವಾಸಿ.”

ಈ ಮಾತಿನಲ್ಲಿ ಎರಡು ತಪ್ಪು ಒಟ್ಟಿಗೆ ಇವೆ. ಕೈಸಾಲದ ಮೂರು ಪರ್ಸೆಂಟು ತಿಂಗಳಿನದು. ಬ್ಯಾಂಕಿನವರು ಹೇಳುವ ಹತ್ತು ವರ್ಷದ್ದು. ತಿಂಗಳಿಗೆ ನೂರಕ್ಕೆ ಮೂರು ಎಂದರೆ ವರ್ಷಕ್ಕೆ ಮೂವತ್ತಾರು. ಕಾಮರ್ಸ್ ಮೇಷ್ಟರ ಎದುರಿಗೆ ಕೂತು ಮೂರು ಹತ್ತಕ್ಕಿಂತ ಕಡಿಮೆಯಲ್ಲವೇ ಎಂದು ಕೇಳಿದವರಿದ್ದಾರೆ.

ಎರಡನೆಯದು ಜಮೀನು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನವೂ ಇಲ್ಲ, ಕೈಯಿಂದ ಹಾಕಬೇಕಾದ ಪಾಲೂ ಇಲ್ಲ. ತಂದೆ ಅಥವಾ ತಾಯಿ ಜತೆಗೆ ಸಹಿ ಮಾಡುತ್ತಾರೆ. 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರ ಸರ್ಕಾರದ ಖಾತರಿ ನಿಧಿಯ ಬೆಂಬಲವಿದೆ. “ನೀವು ನಮ್ಮ ಶಾಖೆಯ ವ್ಯಾಪ್ತಿಯವರಲ್ಲ” ಎಂದು ಅರ್ಜಿ ತಿರುಗಿಸಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಹಾಗೆಂದು ಎಲ್ಲ ಮ್ಯಾನೇಜರುಗಳೂ ಎದ್ದು ಕುರ್ಚಿ ಕೊಡುತ್ತಾರೆ ಎಂದುಕೊಳ್ಳಬೇಡಿ. ಬಾಯಿಮಾತಿನಲ್ಲಿ ಕೇಳಿ ಹಿಂದಿರುಗದೆ ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಿದರೆ ಅದು ದಾಖಲೆಯಾಗಿ ಉಳಿಯುತ್ತದೆ.

ಓದು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ ಎಂಬುದು ನಿಜ, ಬಡ್ಡಿ ಇಲ್ಲ ಎಂಬುದು ಸುಳ್ಳು. ನಾಲ್ಕು ವರ್ಷದ ಕೋರ್ಸಿಗೆ ವರ್ಷದ ಆರಂಭದಲ್ಲಿ 75,000ದಂತೆ 3 ಲಕ್ಷ ಪಡೆದಿರಿ, ಬಡ್ಡಿ ಶೇ. 10 ಎಂದುಕೊಳ್ಳಿ. ಸರಳ ಬಡ್ಡಿಯೇ ಮೊದಲ ವರ್ಷ 7,500, ಆಮೇಲೆ 15,000, 22,500, 30,000, ಕೆಲಸ ಹುಡುಕುವ ವರ್ಷದಲ್ಲಿ ಇನ್ನೊಂದು 30,000. ಮೊದಲ ಕಂತಿನ ದಿನ ಸಾಲ 4.05 ಲಕ್ಷ ಆಗಿರುತ್ತದೆ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಕಾಲೇಜಿನಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಆಗಿದ್ದರೆ, ಈ 1.05 ಲಕ್ಷದಂಥ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ ಇದೆ. ಸಾಲ ಪಡೆಯುವಾಗಲೇ ಆದಾಯ ಪ್ರಮಾಣಪತ್ರ ಕೊಟ್ಟು ಅದನ್ನು ಕೇಳಬೇಕು. ಸಿಇಟಿಯಿಂದ ಸೀಟು ಪಡೆದ ಹಿಂದುಳಿದ ವರ್ಗದವರಿಗೆ, ಅಲ್ಪಸಂಖ್ಯಾತರಿಗೆ ಆಯಾ ನಿಗಮಗಳು ಕೊಡುವ ‘ಅರಿವು’ ಸಾಲದ ಬಡ್ಡಿಯಂತೂ ಶೇ. 2 ಮಾತ್ರ.

ತಪ್ಪು ಕಲ್ಪನೆ: “ಡಿಪ್ಲೊಮಾ ಓದಿನಲ್ಲಿ ಹಿಂದೆ ಬಿದ್ದವರಿಗೆ.”

ಎಸ್ಸೆಸ್ಸೆಲ್ಸಿ ಆದಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ, ನಂತರ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಎಂಜಿನಿಯರಿಂಗ್. ಪಿಯುಸಿಯ ಎರಡು ವರ್ಷ, ಅದರ ಟ್ಯೂಷನ್ನು, ಬಿಇಯ ಮೊದಲ ವರ್ಷ, ಈ ಮೂರೂ ಖರ್ಚಿನ ಜಾಗದಲ್ಲಿ ಒಂದು ಅಗ್ಗದ ಡಿಪ್ಲೊಮಾ. ಕೈ ಕಟ್ಟಿದರೆ ಅಲ್ಲಿಗೇ ನಿಂತು ಕೆಲಸಕ್ಕೂ ಸೇರಬಹುದು. ನಡುವೆ ನಿಲ್ಲಿಸಿದರೂ ಕೈಯಲ್ಲೊಂದು ಸರ್ಟಿಫಿಕೇಟು ಉಳಿಯುವ ದಾರಿಯನ್ನು ಬಡವರ ಮನೆಯವರೇ ಯಾಕೆ ಹೀಗಳೆಯುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೊನ್ನೆ ಒಬ್ಬ ತಾಯಿ ಬಂದಿದ್ದರು. ಮಗ ಇನ್ನೂ ಒಂಬತ್ತನೇ ತರಗತಿ. “ಈಗಲೇ ಬಂದೆ ಅಂತ ನಗಬೇಡಿ ಸರ್” ಎಂದರು. ನಗಲಿಲ್ಲ, ಪಹಣಿ ಯಾರ ಹೆಸರಿನಲ್ಲಿದೆ ಎಂದು ಕೇಳಿದೆ. “ಮಾವನವರ ಹೆಸರಲ್ಲಿ. ಅವರು ಹೋಗಿ ಹನ್ನೊಂದು ವರ್ಷ ಆಯ್ತು.” ಸ್ವಲ್ಪ ಹೊತ್ತು ಸುಮ್ಮನಿದ್ದು, ಲೋಟ ಕೆಳಗಿಟ್ಟು, ನಾಡಕಚೇರಿ ಎಷ್ಟು ಗಂಟೆಗೆ ತೆಗೆಯುತ್ತದೆ ಎಂದು ಅವರೇ ಕೇಳಿದರು.