ಔಷಧ ಹೊತ್ತು ಬರುವ ವೈರಸ್

ಮೊನ್ನೆ ಮಗುವಿಗೆ ಲಸಿಕೆ ಹಾಕಿಸಲು ಬಂದಿದ್ದ ತಾಯಿಯೊಬ್ಬರು ಅಳುಕುತ್ತಲೇ ಕೇಳಿದರು: ‘ಡಾಕ್ಟ್ರೇ, ಪೇಪರಿನಲ್ಲಿ ಬರುತ್ತಲ್ಲ, 16 ಕೋಟಿ ರೂಪಾಯಿ ಇಂಜೆಕ್ಷನ್, ಅದರಲ್ಲಿ ವೈರಸ್ ಇರುತ್ತಂತೆ. ನಮ್ಮಕ್ಕನ ಮಗುವಿಗೆ ಅದನ್ನೇ ಹೇಳಿದ್ದಾರೆ. ಕೊಡಿಸಬಹುದೇ?’

ಹೌದು, ಅದರಲ್ಲಿರುವುದು ವೈರಸ್ಸೇ. ಆದರೆ ಸಂತಾನ ಬೆಳೆಸಲಾರದ ವೈರಸ್.

ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ ಎಂಬ ಕಾಯಿಲೆಯಲ್ಲಿ ಎಸ್‌ಎಂಎನ್1 ಎಂಬ ವಂಶವಾಹಿ, ಅಂದರೆ ಜೀನ್, ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಸ್ನಾಯುಗಳನ್ನು ಆಡಿಸುವ ಬೆನ್ನುಹುರಿಯ ನರಕೋಶಗಳು ಸಾಯತೊಡಗುತ್ತವೆ. ಮಗುವಿನ ಕಣ್ಣು ಚುರುಕಾಗಿರುತ್ತದೆ, ಕತ್ತು ಮಾತ್ರ ನಿಲ್ಲುವುದಿಲ್ಲ. ಸರಿಯಾದ ಜೀನನ್ನು ಆ ಕೋಶದೊಳಕ್ಕೆ ಮುಟ್ಟಿಸುವವರು ಯಾರು? ಕೋಶದೊಳಗೆ ನುಗ್ಗುವುದರಲ್ಲಿ ವೈರಸ್‌ನಷ್ಟು ಪಳಗಿದವರು ಬೇರಾರೂ ಇಲ್ಲ.

ಆರಿಸಿಕೊಂಡಿರುವುದು ಎಎವಿ ಎಂಬ ಪುಟ್ಟ ವೈರಸ್‌ನ 9ನೇ ಬಗೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಜೀವಕೋಶಗಳೊಳಗೆ ಡಿಎನ್‌ಎಯ ಮೂರು ಉಂಗುರಗಳನ್ನು ಸೇರಿಸುತ್ತಾರೆ. ಮೊದಲನೆಯದರಲ್ಲಿ ಮಗುವಿಗೆ ಬೇಕಾದ ಜೀನ್. ಅದರ ಎರಡೂ ತುದಿಗೆ ವೈರಸ್‌ನ ಗುರುತು. ಎರಡನೆಯದರಲ್ಲಿ ಹೊರಕವಚ ಕಟ್ಟುವ, ಡಿಎನ್‌ಎ ನಕಲು ಮಾಡುವ ಜೀನ್‌ಗಳು. ಮೂರನೆಯದು ಅಡಿನೊ ವೈರಸ್‌ನಿಂದ ಎರವಲು ತಂದದ್ದು, ಏಕೆಂದರೆ ಎಎವಿ ತಾನೊಂದೇ ಬೆಳೆಯಲಾರದು. ಕವಚದೊಳಗೆ ತುಂಬಿಕೊಳ್ಳುವುದು ತುದಿಗುರುತಿರುವ ಡಿಎನ್‌ಎ ಮಾತ್ರ. ಕವಚ ಕಟ್ಟುವ ಜೀನ್‌ಗಳು ಹೊರಗೇ ಉಳಿಯುತ್ತವೆ. ಹಾಗಾಗಿ ಮಗುವಿನ ಮೈಯಲ್ಲಿ ಈ ವೈರಸ್ ಇಮ್ಮಡಿಯಾಗುವಂತಿಲ್ಲ.

ಆಮೇಲೆ ಕೋಶಗಳನ್ನು ಒಡೆದು, ಸೋಸಿ, ಜೀನ್ ತುಂಬದ ಖಾಲಿ ಕವಚಗಳನ್ನು ಆದಷ್ಟೂ ಬೇರ್ಪಡಿಸಬೇಕು. ಮಗುವಿನ ಒಂದು ಕಿಲೋ ತೂಕಕ್ಕೆ ಬೇಕಾಗುವುದು 110 ಲಕ್ಷ ಕೋಟಿ ತುಂಬಿದ ಕಣಗಳು! ಬೆಲೆ ಏರಲು ಇದೂ ಒಂದು ಕಾರಣ; ಇದೊಂದೇ ಕಾರಣವೆಂದರೆ ನಾನಂತೂ ಒಪ್ಪುವುದಿಲ್ಲ.

ಅಪಾಯವೇ ಇಲ್ಲವೇ? ಇದೆ. ಅಷ್ಟು ಕಣಗಳ ಹೊಡೆತ ಯಕೃತ್ತಿನ ಮೇಲೆ ಬೀಳಬಹುದು. ಈ ಚಿಕಿತ್ಸೆಯ ನಂತರ ಯಕೃತ್ತು ವಿಫಲವಾಗಿ ಇಬ್ಬರು ಮಕ್ಕಳು ತೀರಿಕೊಂಡದ್ದು 2022ರಲ್ಲಿ ವರದಿಯಾಯಿತು. ಆದ್ದರಿಂದಲೇ ಹಿಂದಿನ ದಿನದಿಂದ ಸ್ಟೀರಾಯ್ಡ್ ಕೊಡುತ್ತಾರೆ. ಮುಂದೆ ಕನಿಷ್ಠ ಮೂರು ತಿಂಗಳು ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಈ ವೈರಸ್ಸಿಗೆ ಮಗುವಿನ ರಕ್ತದಲ್ಲಿ ಮೊದಲೇ ಪ್ರತಿಕಾಯಗಳು ಹೆಚ್ಚಿದ್ದರೆ ಔಷಧ ದಾರಿಯಲ್ಲೇ ನಾಶವಾದೀತು. ಒಮ್ಮೆ ಕೊಟ್ಟ ಮೇಲೆ ಪ್ರತಿಕಾಯ ಹುಟ್ಟಿಯೇ ಹುಟ್ಟುವುದರಿಂದ ಎರಡನೇ ಡೋಸ್ ಇಲ್ಲ.

ಅಮೆರಿಕದಲ್ಲಿ 2019ರಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು ಎರಡು ವರ್ಷದೊಳಗಿನ ಮಕ್ಕಳಿಗೆ. ಸತ್ತ ನರಕೋಶವನ್ನು ಯಾವ ಜೀನೂ ಎಬ್ಬಿಸಲಾರದು. ಆ ತಾಯಿಗೆ ನಾನು ಹೇಳಿದ್ದಿಷ್ಟು: ‘ವೈರಸ್ಸಿಗೆ ಹೆದರಬೇಡಿ, ದಿನ ಕಳೆಯುವುದಕ್ಕೆ ಹೆದರಿ. ಹಣ ಸೇರಲೆಂದು ಸುಮ್ಮನೆ ಕೂರಬೇಡಿ. ಇದೇ ಕಾಯಿಲೆಗೆ ಬಾಯಿಯಿಂದ ಕೊಡುವ ರಿಸ್ಡಿಪ್ಲಾಮ್ ಎಂಬ ಔಷಧವೂ ಇದೆ. ಮಕ್ಕಳ ನರರೋಗ ತಜ್ಞರನ್ನು ಈ ವಾರವೇ ಕೇಳಲು ಅಕ್ಕನಿಗೆ ಹೇಳಿ.’